ಗುಲ್-ಎ-ಶಬ್ಬೂ ಯಾರ ಹೂವು?

ಮುಂದಿನ ಸಲ ದಾದರಿನ ಹೂವಿನ ಮಾರ್ಕೆಟ್ಟಿಗೋ ಹೈದರಾಬಾದಿನ ಗುಡಿಮಲ್ಕಾಪುರಕ್ಕೋ ಹೋದಾಗ, ಉದ್ದ ಕಡ್ಡಿಯ ಆ ಬಿಳಿ ಹೂವಿನ ಹೆಸರು ಕೇಳಿ ನೋಡಿ. ಮುಂಬೈ, ಪುಣೆಯಲ್ಲಿ ನಿಶಿಗಂಧ ಅಂತಾರೆ, ಇಲ್ಲವೇ ಗುಲ್‌ಛಡಿ. ದೆಹಲಿಯಲ್ಲಿ ರಜನೀಗಂಧಾ, ಚೆನ್ನೈಯಲ್ಲಿ ಸಂಪಂಗಿ. ಉರ್ದುವಿನಲ್ಲಿ ಗುಲ್-ಎ-ಶಬ್ಬೂ. ನಮ್ಮ ಕನ್ನಡದಲ್ಲಿ ಸುಗಂಧರಾಜ. ಮದುವೆಯ ಸೆಹರಾಕ್ಕೂ ಇದೇ, ದರ್ಗಾದ ಚಾದರಿಗೂ ಇದೇ, ಪಕ್ಕದ ಗುಡಿಯ ಹಾರಕ್ಕೂ ಇದೇ.

ಇದು ಯಾರ ಹೂವು ಅಂತ ಮಾತು ಬಂದಾಗ ಎರಡು ಉತ್ತರ ಸಿಗುತ್ತವೆ. ನಮ್ಮವರಲ್ಲಿ ಕೆಲವರು, ‘ಹೆಸರೇ ಫಾರ್ಸಿ, ಮೊಘಲರು ತಂದದ್ದು’ ಅಂತ ಹೆಮ್ಮೆಪಡುತ್ತಾರೆ. ಇನ್ನು ಕೆಲವರು, ‘ರಜನೀಗಂಧಾ ಸಂಸ್ಕೃತದ ಹೆಸರು, ಇದು ಪುರಾಣ ಕಾಲದಿಂದ ಇಲ್ಲಿಯದೇ’ ಅಂತಾರೆ. ಎರಡೂ ತಪ್ಪು. ಎರಡು ಕಡೆಯವರೂ ಹೆಸರನ್ನು ನೋಡಿದರೇ ಹೊರತು ಗಿಡವನ್ನು ನೋಡಲಿಲ್ಲ.

ಗಿಡದ ತವರು ಮೆಕ್ಸಿಕೊ. ಸ್ಪೇನಿನವರು ಅಲ್ಲಿಗೆ ಹೋಗುವ ಮೊದಲೇ ಅಲ್ಲಿನ ಜನ ಇದನ್ನು ತೋಟದಲ್ಲಿ ಬೆಳೆಸುತ್ತಿದ್ದರು. ಅವರ ನಹುವಾತ್ಲ್ ಭಾಷೆಯಲ್ಲಿ ಇದು ‘ಓಮಿಶೋಚಿತ್ಲ್’, ಅಂದರೆ ಎಲುಬಿನ ಹೂವು. ಎಲುಬಿನಷ್ಟು ಬಿಳುಪು ಅಲ್ವಾ! 16ನೇ ಶತಮಾನದಲ್ಲಿ ಸಹಗೂನ್ ಎಂಬ ಪಾದ್ರಿ ಆ ಜನರ ಬಾಯಿಂದಲೇ ಕೇಳಿ ಬರೆಸಿದ ಗ್ರಂಥದಲ್ಲಿ ಈ ಹೆಸರಿದೆ.

ಅಷ್ಟು ದೂರದಿಂದ ಹೇಗೆ ಬಂತು ಅಂತೀರಾ? ಇದು ಗಡ್ಡೆಯ ಗಿಡ. ಒಣಗಿದ ಗಡ್ಡೆ ಮಣ್ಣು, ನೀರು ಇಲ್ಲದೆ ತಿಂಗಳುಗಟ್ಟಲೆ ಸಾಯದೆ ಇರುತ್ತದೆ. ಹಾಗಾಗಿ ಹಡಗಿನ ಮೂಲೆಯೊಂದು ಸಾಕಾಯಿತು. 1601ರಲ್ಲಿ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಯುರೋಪಿನಲ್ಲಿ ಇದನ್ನು ವರ್ಣಿಸಿದ. 1629ರಲ್ಲಿ ಇಂಗ್ಲೆಂಡಿನ ಪಾರ್ಕಿನ್ಸನ್ ಇದನ್ನು ‘ಇಂಡಿಯನ್’ ಹಯಸಿಂತ್ ಅಂತ ಬರೆದ. ಆಗ ಯುರೋಪಿನವರಿಗೆ ಅಮೆರಿಕವೂ ಇಂಡೀಸ್, ನಮ್ಮ ಕಡೆಯೂ ಇಂಡೀಸ್! ಅದೇ ಶತಮಾನದ ಕೊನೆಯ ಭಾಗದಲ್ಲಿ ಅಂಬೋನ್ ದ್ವೀಪದಲ್ಲಿದ್ದ ರಂಫಿಯಸ್ ಇದಕ್ಕೆ ‘ರಾತ್ರಿಯ ಗೆಳತಿ’ ಎಂಬ ಅರ್ಥದ ಲ್ಯಾಟಿನ್ ಹೆಸರು ಕೊಟ್ಟ. ಅಷ್ಟು ಹೊತ್ತಿಗೆ ಗಡ್ಡೆ ಏಷ್ಯಾದ ಮಣ್ಣಿನಲ್ಲಿ ಬೇರೂರಿತ್ತು.

ಈಗ ಹೆಸರಿಗೆ ಬನ್ನಿ. ಶಬ್ ಅಂದರೆ ರಾತ್ರಿ, ಬೂ ಅಂದರೆ ವಾಸನೆ. ನಿಶಿಗಂಧ, ರಜನೀಗಂಧಾ ಅಂದರೂ ಅದೇ ಅರ್ಥ. ಆದರೆ ಇರಾನಿನಲ್ಲಿ ಇವತ್ತಿಗೂ ‘ಶಬ್‌ಬೂ’ ಅಂದರೆ ಬೇರೆಯೇ ಒಂದು ಹೂವು, ಗಡ್ಡೆಯಿಲ್ಲದ, ಸಾಸಿವೆಯ ಕುಲದ ಗಿಡ. ಹೊಸ ಹೂವು ಬಂದಾಗ ಹಿಂದೂಸ್ತಾನದಲ್ಲಿ ಹಳೆಯ ಹೆಸರನ್ನೇ ಅದಕ್ಕೆ ಇಟ್ಟರು. ತಮಿಳರು, ತೆಲುಗರು ಮಾಡಿದ್ದೂ ಅದನ್ನೇ. ತಮಗೆ ಗೊತ್ತಿದ್ದ ಸಂಪಿಗೆಯ ಹೆಸರಿಗೆ ‘ನೆಲ’ ಸೇರಿಸಿ ನೆಲಸಂಪಿಗೆ ಅಂದರು.

ಇತಿಹಾಸ ಓದುವ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೆಯ ಫಾರ್ಸಿ ಪುಸ್ತಕದಲ್ಲಿ ‘ಶಬ್‌ಬೂ’ ಕಂಡ ಕೂಡಲೇ ಇದೇ ನಮ್ಮ ಸುಗಂಧರಾಜ ಅಂತ ಹಾರಬೇಡಿ. ಮೊದಲು ಆ ಪುಸ್ತಕ ಯಾವ ಕಾಲದ್ದು ನೋಡಿ. 1492ಕ್ಕಿಂತ ಹಿಂದಿನದಾದರೆ ಅದು ಬೇರೆ ಹೂವೇ. ಆಮೇಲಿನದಾದರೆ ಗಿಡದ ವರ್ಣನೆ ಓದಿ: ಗಡ್ಡೆ ಇದೆಯಾ, ಉದ್ದ ಕಡ್ಡಿ ಇದೆಯಾ, ಬಿಳುಪಾ? ಸಂಸ್ಕೃತದ ಹೆಸರಿಗೂ ಇದೇ ಅಳತೆ. ಹೆಸರು ಹಳೆಯ ಭಾಷೆಯದು ಅಂದ ಮಾತ್ರಕ್ಕೆ ವಸ್ತು ಹಳೆಯದಾಗೋದಿಲ್ಲ.

ಹಾಗಾದರೆ ಇದು ಪರದೇಶದ ಹೂವಾ? ಹೊರಗಿಂದ ಬಂದದ್ದು ನಿಜ. ಮೆಣಸಿನಕಾಯಿ, ಟೊಮ್ಯಾಟೊ ಕೂಡ ಬಂದದ್ದು ಅದೇ ಕಡೆಯಿಂದ, ಅವಿಲ್ಲದೆ ನಮ್ಮ ಸಾರು ಆಗುತ್ತದಾ? ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ‘ಶೃಂಗಾರ್’ ತಳಿಯನ್ನು ‘ಮೆಕ್ಸಿಕನ್ ಸಿಂಗಲ್’ ಜೊತೆ ಕೂಡಿಸಿ ‘ಪ್ರಜ್ವಲ್’ ತಳಿ ಮಾಡಿದ್ದಾರೆ. ಊರು, ಪರವೂರು ಎರಡೂ ಒಂದೇ ಗಡ್ಡೆಯಲ್ಲಿವೆ. ಯಾರು ಒಳಗಿನವರು, ಯಾರು ಹೊರಗಿನವರು ಅನ್ನುವ ಪ್ರಶ್ನೆಯನ್ನು ಮನುಷ್ಯರ ಮೇಲೆ ಎಸೆಯುವ ಕಾಲದಲ್ಲಿ, ಈ ಪ್ರಶ್ನೆಗೆ ನಾವೂ ಸುಳ್ಳು ಹೆಮ್ಮೆಯಿಂದ ಉತ್ತರ ಕೊಡಬಾರದು. ‘ನಾವೇ ತಂದೆವು’ ಅನ್ನುವ ಸುಳ್ಳು, ‘ಯಾರೂ ತರಲಿಲ್ಲ’ ಅನ್ನುವ ಸುಳ್ಳಿಗೆ ಮದ್ದಲ್ಲ.

ಬಾಲ್ಕನಿಯಲ್ಲಿ ಬಿಸಿಲು ಬೀಳುತ್ತಿದ್ದರೆ ಮಾರ್ಚ್-ಏಪ್ರಿಲ್‌ನಲ್ಲಿ ನಾಲ್ಕು ಗಡ್ಡೆ ನೆಡಿ. ಮಣ್ಣಿಗೆ ಮರಳು, ಗೊಬ್ಬರ ಬೆರೆಸಿ, ಕುಂಡದಲ್ಲಿ ನೀರು ನಿಲ್ಲಬಾರದು. ಮೂರು ತಿಂಗಳಿಗೆಲ್ಲ ಹೂಕಡ್ಡಿ ಬರುತ್ತದೆ. ಒಮ್ಮೆ ಹೂಬಿಟ್ಟ ಗಡ್ಡೆ ಮತ್ತೆ ಬಿಡೋದಿಲ್ಲ, ಸುತ್ತಲಿನ ಮರಿಗಡ್ಡೆಗಳು ಬಿಡುತ್ತವೆ. ಅವನ್ನು ಬಿಡಿಸಿ ನೆರೆಮನೆಯವರಿಗೂ ಕೊಡಿ. ಕೊಡುವಾಗ ಮೆಕ್ಸಿಕೊದ ಆ ತೋಟಗಾರರನ್ನೂ ಒಮ್ಮೆ ನೆನೆಯಿರಿ. ಅವರ ರಾಜ್ಯ ಹೋಯಿತು, ಹೂವಿಗೆ ಅವರಿಟ್ಟ ಹೆಸರೂ ನಮ್ಮವರೆಗೆ ಬರಲಿಲ್ಲ. ಗಡ್ಡೆ ಮಾತ್ರ ಬಂತು.