ಹತ್ತಿಯ ದುಡ್ಡು, ಒಡೆದ ಆನೆ: ಬೈಕುಲಾದ ಭಾವು ದಾಜಿ ಲಾಡ್ ಮ್ಯೂಸಿಯಂ

ಮುಂಬೈನಲ್ಲಿರೋ ನಮ್ಮ ಜನಕ್ಕೆ ಬೈಕುಲಾದ ರಾಣಿಬಾಗ್ ಅಂದ್ರೆ ಮಕ್ಕಳಿಗೆ ಪೆಂಗ್ವಿನ್ ತೋರಿಸೋ ಜಾಗ. ಅದರ ಪಕ್ಕದಲ್ಲೇ ಮುಂಬೈನ ಅತ್ಯಂತ ಹಳೆಯ ಮ್ಯೂಸಿಯಂ ಇದೆ. ಪುಣೆಯಿಂದ ಬಂದ ಇಬ್ಬರು ಗೆಳೆಯರ ಜೊತೆ ಹೋದ ತಿಂಗಳು ಅಲ್ಲಿ ಅರ್ಧ ದಿನ ಕಳೆದೆ. ಅವರಲ್ಲೊಬ್ಬ ಹುಬ್ಬಳ್ಳಿಯವನು. "ಇದೆಲ್ಲಾ ಬ್ರಿಟಿಷರ ಕಾಲದ್ದು, ನಮಗೂ ಇದಕ್ಕೂ ಏನ್ ಸಂಬಂಧ ಮಾರಾಯಾ?" ಅಂತ ಕೇಳಿದ. ಸಂಬಂಧ ಇದೆ, ಅದೂ ಅವನ ಊರಿನ ಹೊಲಗಳ ಜೊತೆನೇ ಇದೆ. ಇವತ್ತು ಹೇಳೋ ಕಥೆ ಅದೇ.

ಮೊದಲು ಒಳಗೆ ಹೇಗಿದೆ ಅಂತ ಹೇಳ್ತೀನಿ. ಬಾಗಿಲು ದಾಟಿದ ತಕ್ಷಣ ಎರಡಂತಸ್ತು ಎತ್ತರದ ಹಾಲ್. ಎರಕದ ಕಬ್ಬಿಣದ ಕಂಬಗಳು, ಅವುಗಳ ಮೇಲೆ ಚಿನ್ನದ ಬಣ್ಣದ ಕುಸುರಿ, ಸುತ್ತಲೂ ಮೇಲ್ಮಾಳಿಗೆಯ ಕಟಾಂಜನ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್‌ನ ಅಮೃತಶಿಲೆಯ ಪ್ರತಿಮೆಯೂ ಇದೆ. ಅದನ್ನು ಕೊಟ್ಟವನು ಬಾಗ್ದಾದಿನಿಂದ ಬಂದು ಮುಂಬೈನಲ್ಲಿ ವ್ಯಾಪಾರ ಮಾಡಿ ಬೆಳೆದ ಯಹೂದಿ ಡೇವಿಡ್ ಸಸೂನ್. ಈ ಸಂಸ್ಥೆಗೆ ಮೊದಲಿದ್ದ ಹೆಸರೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ.

ಇದು ಹುಟ್ಟಿದ್ದು ಚಂದದ ವಸ್ತುಗಳನ್ನು ಕಾಪಾಡೋಣ ಅನ್ನೋ ಆಸೆಯಿಂದ ಅಲ್ಲ, ವ್ಯಾಪಾರದಿಂದ. 1851ರಲ್ಲಿ ಲಂಡನ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೀತು, 1855ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಂದು. ಪ್ಯಾರಿಸ್‌ಗೆ ಕಳಿಸೋಕೆ ಈ ಕಡೆಯ ಕಚ್ಚಾಮಾಲು, ಬಟ್ಟೆ, ಲೋಹದ ಕೆಲಸ ಎಲ್ಲಾ ಒಟ್ಟು ಮಾಡಿದಾಗ ಇನ್ನೊಂದು ಸೆಟ್ ಮುಂಬೈನಲ್ಲೇ ಇರಲಿ ಅಂದರು. ಯಾವ ಊರಲ್ಲಿ ಏನು ಸಿಗುತ್ತೆ ಅಂತ ತೋರಿಸೋ ಸ್ಯಾಂಪಲ್ ರೂಮು ಅಂದ್ಕೊಳ್ಳಿ. ಕೋಟೆ ಪ್ರದೇಶದ ಟೌನ್ ಬ್ಯಾರಕ್ಸ್‌ನಲ್ಲಿ ಅದನ್ನು ಇಟ್ಟರು. 1857ರ ದಂಗೆ ಶುರುವಾದಾಗ ಸೈನಿಕರಿಗೆ ಆ ಜಾಗ ಬೇಕಾಯ್ತು. ಸಾಮಾನನ್ನೆಲ್ಲಾ ಹೊರಗೆ ಹಾಕಿದ್ರು, ಎಷ್ಟೋ ಹಾಳಾಯ್ತು.

ಉಳಿದದ್ದನ್ನು ಕೂಡಿಸಿ ಮತ್ತೆ ಕಟ್ಟಿದವರಲ್ಲಿ ಮೂವರು ಮುಖ್ಯ. ಕ್ಯುರೇಟರ್ ಜಾರ್ಜ್ ಬರ್ಡ್‌ವುಡ್, ಶ್ರೀಮಂತ ವರ್ತಕ ಜಗನ್ನಾಥ ಶಂಕರಶೇಟ್, ಮತ್ತು ಡಾಕ್ಟರ್ ಭಾವು ದಾಜಿ ಲಾಡ್. ಮ್ಯೂಸಿಯಂಗೆ ಸ್ವಂತ ಕಟ್ಟಡ ಬೇಕು ಅಂತ ಊರವರಿಂದಲೇ ಚಂದಾ ಎತ್ತಿದರು. 1862ರ ನವೆಂಬರ್‌ನಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಅಡಿಗಲ್ಲು ಹಾಕಿದ.

ಈ 1862 ಅನ್ನೋ ವರ್ಷ ಸ್ವಲ್ಪ ನೆನಪಿಟ್ಕೊಳ್ಳಿ. ಅಮೆರಿಕದಲ್ಲಿ ಆಗ ಅಂತರ್ಯುದ್ಧ ನಡೀತಿತ್ತು. ದಕ್ಷಿಣದ ಬಂದರುಗಳು ಬಂದ್ ಆಗಿ, ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಸಿಗಲಿಲ್ಲ. ಎಲ್ಲರ ಕಣ್ಣು ಮುಂಬೈ ಮೇಲೆ ಬಿತ್ತು, ಹತ್ತಿಯ ಬೆಲೆ ಏರ್ತಾ ಹೋಯ್ತು. ಮುಂಬೈಗೆ ಹತ್ತಿ ಎಲ್ಲಿಂದ ಬರ್ತಿತ್ತು? ಗುಜರಾತ್, ವಿದರ್ಭದ ಜೊತೆಗೆ ನಮ್ಮ ಧಾರವಾಡದ ಎರೆಭೂಮಿಯಿಂದಲೂ ಬರ್ತಿತ್ತು. ಧಾರವಾಡ ಆಗ ಮುಂಬೈ ಪ್ರಾಂತ್ಯದ ಜಿಲ್ಲೆ. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ತಳಿಯ ಹತ್ತಿಯನ್ನೂ ಬೆಳೆಸೋಕೆ ಶುರು ಮಾಡಿದ್ದರು. ರೈಲು ಇನ್ನೂ ಬಂದಿರಲಿಲ್ಲ. ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಬರಬೇಕು, ಅಲ್ಲಿಂದ ಹಡಗಿನಲ್ಲಿ ಮುಂಬೈ. ಆ ಹತ್ತಿಗೆ ಮಾರುಕಟ್ಟೆಯಲ್ಲಿ ಬಿದ್ದ ಹೆಸರು 'ಕುಮಟಾ'. ಬೆಳೆದವರು ಧಾರವಾಡದ ಕಡೆಯ ರೈತರು, ಹೆಸರು ಬಂದದ್ದು ಬಂದರಿಗೆ!

ಅದೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡದ ಹತ್ತಿ ಸಾಗಿಸೋಕೆ ಕಾರವಾರದಲ್ಲಿ ಒಳ್ಳೆ ಬಂದರು ಮಾಡಬೇಕು ಅನ್ನೋದು ಅದರ ಹಿಂದಿದ್ದ ದೊಡ್ಡ ಕಾರಣ. ಅಂದ್ರೆ ಬೈಕುಲಾದಲ್ಲಿ ಅಡಿಗಲ್ಲು ಬಿದ್ದ ವರ್ಷವೇ ಕಾರವಾರ, ಕುಮಟಾ, ಶಿರಸಿಯವರೆಲ್ಲ ಮುಂಬೈ ಸರ್ಕಾರದ ಕೆಳಗೆ ಬಂದರು. ಎರಡರ ಹಿಂದೆಯೂ ಹತ್ತಿ ಇತ್ತು. ಹುಬ್ಬಳ್ಳಿ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಕಂಬ ಮುಟ್ಟಿ ನೋಡಿದ, ಏನೂ ಮಾತಾಡಲಿಲ್ಲ.

ಆಮೇಲೆ ಆದದ್ದು ನಮ್ಮ ಐಟಿ ಜನಕ್ಕೆ ಬೇಗ ಅರ್ಥ ಆಗುತ್ತೆ. ಸುಲಭದ ದುಡ್ಡು, ದಿನಕ್ಕೊಂದು ಹೊಸ ಕಂಪನಿ, ಎಲ್ಲರ ಕೈಯಲ್ಲೂ ಷೇರು. 1865ರ ಏಪ್ರಿಲ್‌ನಲ್ಲಿ ಯುದ್ಧ ಮುಗೀತು, ಹತ್ತಿಯ ಬೆಲೆ ಕುಸೀತು, ಮುಂಬೈನ ಬ್ಯಾಂಕುಗಳೂ ವರ್ತಕರೂ ದಿವಾಳಿ ಎದ್ದರು. ಚಂದಾ ಕೊಡ್ತೀನಿ ಅಂದಿದ್ದವರ ಕೈ ಖಾಲಿ, ಮ್ಯೂಸಿಯಂ ಕೆಲಸ ಅರ್ಧಕ್ಕೇ ನಿಂತಿತು. ಕೊನೆಗೆ ಸರ್ಕಾರ ಕೈಹಾಕಿ ಮುಗಿಸಿದ ಮೇಲೆ ಜನರಿಗೆ ಬಾಗಿಲು ತೆಗೆದದ್ದು 1872ರ ಮೇ 2ರಂದು.

ಭಾವು ದಾಜಿ ಬಗ್ಗೆ ಎರಡು ಮಾತು ಹೇಳಲೇಬೇಕು. ಗೋವಾದ ಹಳ್ಳಿಯಿಂದ ಬಂದ ಹುಡುಗ, ಮುಂಬೈನ ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ಪದವೀಧರರಲ್ಲಿ ಒಬ್ಬ. ಕುಷ್ಠರೋಗಕ್ಕೆ ಔಷಧಿ ಹುಡುಕಿದರು, ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಟ್ಟರು. ಬಿಡುವಿನಲ್ಲಿ ಅಜಂತಾ, ಜುನಾಗಢದ ಹಳೇ ಶಾಸನಗಳನ್ನು ಓದಿ ಬರೆದರು. ಎರಡು ಸಲ ಮುಂಬೈನ ಶೆರೀಫ್ ಆದರು. 1874ರಲ್ಲಿ ತೀರಿಕೊಂಡರು. ಮ್ಯೂಸಿಯಂಗೆ ಅವರ ಹೆಸರು ಇಟ್ಟದ್ದು ಯಾವಾಗ ಗೊತ್ತಾ? 1975ರಲ್ಲಿ, ನೂರಾ ಒಂದು ವರ್ಷ ಆದ ಮೇಲೆ!

ಹೆಸರು ಬದಲಾದರೂ ಕಟ್ಟಡದ ಗತಿ ಬದಲಾಗಲಿಲ್ಲ. ಮಳೆ ನೀರು, ತೇವ, ಮಂಕು ಬೆಳಕು. 2003ರಲ್ಲಿ ಮುಂಬೈ ಮಹಾನಗರಪಾಲಿಕೆ, ಇಂಟ್ಯಾಕ್ ಮತ್ತು ಜಮ್ನಾಲಾಲ್ ಬಜಾಜ್ ಫೌಂಡೇಶನ್ ಮೂವರೂ ಸೇರಿ ಒಪ್ಪಂದ ಮಾಡಿಕೊಂಡರು. ಜೀರ್ಣೋದ್ಧಾರದ ವಾಸ್ತುಶಿಲ್ಪಿ ವಿಕಾಸ್ ದಿಲಾವರಿ. ಮೇಲಿಂದ ಮೇಲೆ ಬಳಿದಿದ್ದ ಬಣ್ಣ ತೆಗೆದು ಮೂಲ ಬಣ್ಣ ಹುಡುಕಿದರು, ಕಟ್ಟಡದ ಜೊತೆಗೆ ಸಂಗ್ರಹದ ವಸ್ತುಗಳನ್ನೂ ಸ್ವಚ್ಛ ಮಾಡಿ ಸರಿಪಡಿಸಿದರು. 2005ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಬಂತು, 2008ರ ಜನವರಿಯಲ್ಲಿ ಮ್ಯೂಸಿಯಂ ಮತ್ತೆ ತೆರೀತು.

ಈಗ ನನ್ನನ್ನು ಕಾಡಿದ ವಿಷಯಕ್ಕೆ ಬರ್ತೀನಿ. ಮಾಳಿಗೆಯ ಮೇಲೆ ಮಣ್ಣಿನ ಪುಟ್ಟ ಗೊಂಬೆಗಳಿವೆ. ಮುಂಬೈಗೆ ಬಂದು ಸೇರಿದ ನಾನಾ ಜಾತಿ, ನಾನಾ ಕಸುಬಿನ ಜನ, ಅವರ ಪೇಟ, ಅವರ ಉಡುಪು. ಕೆಳಗೆ ಬಿದ್ರಿಯಂಥ ಲೋಹದ ಕೆಲಸ. ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸೋದು ಅಂದ್ರೆ ಹುಡುಗಾಟ ಅಲ್ಲ. ನೋಡ್ತಾ ಹೋಗಿ, ವಸ್ತುವಿನ ಹೆಸರು, ಊರು, ಕಾಲ ಸಿಗುತ್ತೆ. ಮಾಡಿದವನ ಹೆಸರು ಸಿಗೋದು ಅಪರೂಪ. ಸ್ಯಾಂಪಲ್ ಅಂತ ತಗೊಂಡವರು ಮಾಡಿದವನ ಹೆಸರು ಯಾಕೆ ಬರ್ಕೋತಾರೆ? ಕುಮಟಾ ಹತ್ತಿಯ ರೈತನಿಗೆ ಆದದ್ದೇ ಇಲ್ಲಿ ಕುಶಲಕರ್ಮಿಗೂ ಆಯ್ತು. ಜೀರ್ಣೋದ್ಧಾರ ಮಾಡಿದವರು ಬಣ್ಣ ವಾಪಸ್ ತರಬಹುದು, ಬರೆದೇ ಇಡದ ಹೆಸರನ್ನು ಎಲ್ಲಿಂದ ತರ್ತಾರೆ? ಹಾಗಂತ ಮ್ಯೂಸಿಯಂ ಸುಮ್ಮನೆ ಕೂತಿಲ್ಲ. ಈ ಹಳೇ ಸಂಗ್ರಹದ ನಡುವೆ ಹೊಸ ಕೆಲಸ ಇಡೋಕೆ ಇವತ್ತಿನ ಕಲಾವಿದರನ್ನು ಕರೀತಾರೆ. 2010ರಲ್ಲಿ ಇಲ್ಲಿ ಪ್ರದರ್ಶನ ಮಾಡಿದ ಸುದರ್ಶನ್ ಶೆಟ್ಟಿ ಹುಟ್ಟಿದ್ದು ಮಂಗಳೂರಲ್ಲಿ, ಬೆಳೆದದ್ದು ಮುಂಬೈನಲ್ಲಿ. ಅವರ ಹೆಸರು ಮಾತ್ರ ಗೋಡೆ ಮೇಲೆ ಬಂತು.

ಹೊರಗೆ ಬಂದ ಮೇಲೆ ತೋಟದಲ್ಲಿರೋ ಕಲ್ಲಿನ ಆನೆ ನೋಡದೆ ಹೋಗಬೇಡಿ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಅಂತ ಹೆಸರಿಟ್ಟದ್ದು ಇದೇ ಆನೆಯಿಂದ. 1814ರಲ್ಲೇ ಇದರ ತಲೆ, ಕತ್ತು ಬಿದ್ದಿತ್ತು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸೋಣ ಅಂತ ಎತ್ತಿದಾಗ ಕ್ರೇನ್ ಮುರಿದು ಆನೆ ಚೂರಾಯ್ತು. ಆ ಚೂರುಗಳನ್ನು 1914ರಲ್ಲಿ ಜೋಡಿಸಿ ನಿಲ್ಲಿಸಿದರು. ಒಡೆಯದೇ ಇದ್ದಿದ್ರೆ ಅದನ್ನು ನೋಡೋಕೆ ನಾವು ವೀಸಾ ಮಾಡಿಸ್ಕೊಂಡು ಹೋಗಬೇಕಿತ್ತು.

ಬುಧವಾರ ಮ್ಯೂಸಿಯಂಗೆ ರಜೆ, ಬೇರೆ ದಿನ ಹೋಗಿ. ಮಕ್ಕಳು ಪೆಂಗ್ವಿನ್ ನೋಡಲಿ, ಆಮೇಲೆ ಇಲ್ಲಿಗೂ ಕರ್ಕೊಂಡು ಬನ್ನಿ. ಈ ಊರಿಗೆ ನಾವು ಲ್ಯಾಪ್‌ಟಾಪ್ ಹಿಡ್ಕೊಂಡು ಬರೋಕೆ ನೂರೈವತ್ತು ವರ್ಷ ಮೊದಲೇ ನಮ್ಮ ಕಡೆಯ ಹತ್ತಿ ಬಂದಿತ್ತು ಅಂತ ಅವರಿಗೆ ಹೇಳಿ.