ಆಂಗ್ಲವಾಕ್ಯವೂ ವಿರಾಮಚಿಹ್ನೆಗಳೂ

ಆಂಗ್ಲಭಾಷೆಯನ್ನು ಕಲಿಯತೊಡಗಿದ ಬಾಲಕನಿಗೆ ಉಪಾಧ್ಯಾಯರು ಹೇಳಿಕೊಡುವ ಮೊದಲ ನಿಯಮಗಳಲ್ಲಿ ಒಂದು ಹೀಗಿರುವುದು: ಅಲ್ಪವಿರಾಮ ಬಂದಲ್ಲಿ ಒಂದು ಎಣಿಸುವಷ್ಟು ಕಾಲ ನಿಲ್ಲಬೇಕು, ಅರ್ಧವಿರಾಮದಲ್ಲಿ ಎರಡು, ಪೂರ್ಣವಿರಾಮದಲ್ಲಿ ಇನ್ನೂ ಹೆಚ್ಚು. ಈ ಲೇಖಕನೂ ಅನೇಕ ವರ್ಷಗಳ ಕಾಲ ಹೀಗೆಯೇ ಪಾಠ ಹೇಳಿದವನು. ಗಟ್ಟಿಯಾಗಿ ಓದುವುದಕ್ಕೆ ಈ ನಿಯಮವು ಸಾಕಾದರೂ ಬರೆಯುವುದಕ್ಕೆ ಏನೇನೂ ಸಾಲದೆಂಬುದು ಬಹಳ ತಡವಾಗಿ ಮನವರಿಕೆಯಾಯಿತು. ಉಸಿರಿಗಾಗಿ ಹುಟ್ಟಿದ ಬಿಂದುಗಳು ಅರ್ಥಕ್ಕೆ ಕೀಲುಗಳಾದುದು ಹೇಗೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುವೆನು.

ಈ ಚಿಹ್ನೆಗಳ ಮೂಲವು ಇಂಗ್ಲೆಂಡಿನಲ್ಲಿಲ್ಲ, ಗ್ರೀಕರಲ್ಲಿದೆ. ಕ್ರಿಸ್ತಪೂರ್ವ ಸುಮಾರು 200ರಲ್ಲಿ ಅಲೆಕ್ಸಾಂಡ್ರಿಯಾ ನಗರದ ಗ್ರಂಥಭಂಡಾರಕ್ಕೆ ಅಧಿಕಾರಿಯಾಗಿದ್ದ ಅರಿಸ್ಟೋಫನೀಸನೆಂಬ ಪಂಡಿತನು ಸಾಲಿನ ಕೆಳಗೆ, ನಡುವೆ, ಮೇಲೆ ಎಂದು ಮೂರು ಎಡೆಗಳಲ್ಲಿ ಬಿಂದುಗಳನ್ನಿಟ್ಟು, ಓದುವವನು ಎಲ್ಲೆಲ್ಲಿ ಎಷ್ಟೆಷ್ಟು ನಿಲ್ಲಬೇಕೆಂಬುದನ್ನು ಸೂಚಿಸಿದನು. ಕಾಮಾ, ಕೋಲನ್, ಪೀರಿಯಡ್ ಎಂಬ ಹೆಸರುಗಳು ಆಗ ಚಿಹ್ನೆಗಳಿಗೆ ಸಂದಿರಲಿಲ್ಲ. ವಾಕ್ಯದ ಭಾಗಗಳಿಗೇ ಸಂದಿದ್ದವು. ಕಾಮಾ ಎಂದರೆ ಕತ್ತರಿಸಿದ ತುಂಡು. ಕೋಲನ್ ಎಂದರೆ ಅಂಗ. ಪೀರಿಯಡ್ ಎಂದರೆ ಸುತ್ತಿ ಬಂದು ಮುಗಿದ ಪರಿಧಿ. ಕಾಲಕ್ರಮದಲ್ಲಿ ಅಂಗದ ಹೆಸರು ಅದರ ಗುರುತಿಗೆ ಅಂಟಿಕೊಂಡಿತು. ಚಿಹ್ನೆಯನ್ನು ತಿಳಿಯಬೇಕಾದರೆ ಉಪವಾಕ್ಯವನ್ನು ತಿಳಿಯಬೇಕೆಂಬ ಪಾಠವು ಈ ಹೆಸರುಗಳಲ್ಲಿಯೇ ಅಡಗಿರುವುದು.

ರೋಮನರು ಪದಪದಗಳ ನಡುವೆ ಎಡೆಬಿಡದೆ ಸಾಲುಗಟ್ಟಿ ಬರೆಯುತ್ತಿದ್ದರು. ಲ್ಯಾಟಿನ್ ಭಾಷೆಯನ್ನು ಪರಭಾಷೆಯಾಗಿ ಕಲಿತ ಐರ್ಲೆಂಡಿನ ಸನ್ಯಾಸಿಗಳು ಏಳು ಎಂಟನೆಯ ಶತಮಾನಗಳಲ್ಲಿ ಪದಗಳನ್ನು ಬಿಡಿಸಿ ಬರೆಯುವ ಪದ್ಧತಿಯನ್ನು ರೂಢಿಗೆ ತಂದರು. ಅನಂತರ ಅಚ್ಚಿನ ಯುಗವು ಬಂದಿತು. ವೆನಿಸ್ ನಗರದ ಆಲ್ಡಸ್ ಮನೂಟಿಯಸನು 1496ರಲ್ಲಿ ಮುದ್ರಿಸಿದ ಗ್ರಂಥವೊಂದರಲ್ಲಿ ಇಂದಿನ ರೂಪದ ಅರ್ಧವಿರಾಮವು ಕಾಣಿಸಿಕೊಂಡಿತು. ಅವನ ಮೊಮ್ಮಗನು 1566ರಲ್ಲಿ, ವಿರಾಮಚಿಹ್ನೆಗಳ ಮುಖ್ಯ ಪ್ರಯೋಜನವು ಅನ್ವಯವನ್ನು ಸ್ಪಷ್ಟಪಡಿಸುವುದೇ ಎಂದು ಪ್ರತಿಪಾದಿಸಿದನು. ಉಸಿರಿನಿಂದ ಅನ್ವಯದ ಕಡೆಗೆ ಇಟ್ಟ ದೊಡ್ಡ ಹೆಜ್ಜೆಯಿದು.

ಆಂಗ್ಲಭಾಷೆಗೆ ಈ ಸಹಾಯವು ವಿಶೇಷವಾಗಿ ಬೇಕಾಯಿತು, ಅದಕ್ಕೆ ಕಾರಣವುಂಟು. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕೂಡಿದಲ್ಲಿ ವಾಕ್ಯಾರ್ಥಜ್ಞಾನವಾಗುವುದೆಂದು ನಮ್ಮ ಶಾಸ್ತ್ರಕಾರರ ಮತ. ಸಂಸ್ಕೃತದಲ್ಲಿ ಕರ್ತೃವಾವುದು, ಕರ್ಮವಾವುದು ಎಂಬುದನ್ನು ವಿಭಕ್ತಿಯೇ ಸಾರುವುದರಿಂದ ಪದಗಳನ್ನು ಹಿಂದುಮುಂದಾಗಿ ಇಟ್ಟರೂ ಅನ್ವಯವು ಕೆಡದು. ಪ್ರಾಚೀನ ಆಂಗ್ಲಭಾಷೆಯೂ ಹೀಗೆಯೇ ಇದ್ದಿತು. ಅರಸನು ಎನ್ನಲು ‘ಸೆ ಕ್ಯುನಿಂಗ್’, ಅರಸನನ್ನು ಎನ್ನಲು ‘ಥೊನೆ ಕ್ಯುನಿಂಗ್’ ಎಂದು ಅವರು ಹೇಳುತ್ತಿದ್ದರು. ನಮ್ಮ ‘ಸಃ’, ‘ತಂ’ ಎಂಬ ರೂಪಗಳಿಗೆ ಇವು ಸೋದರಸಂಬಂಧಿಗಳು. ಯದಾ, ತದಾ ಎಂದು ನಾವು ಎರಡು ವಾಕ್ಯಗಳನ್ನು ಹೊಂದಿಸುವಂತೆ ಅವರು ‘ಥಾ’ ಶಬ್ದವನ್ನೇ ಎರಡು ಕಡೆಯಲ್ಲಿಯೂ ಇಟ್ಟು ಹೊಂದಿಸುತ್ತಿದ್ದರು. ಕ್ರಮೇಣ ಈ ಪ್ರತ್ಯಯಗಳು ಸವೆದುವು. 1066ರಲ್ಲಿ ನಾರ್ಮನರು ದೇಶವನ್ನು ಗೆದ್ದ ತರುವಾಯದ ಎರಡು ಶತಮಾನಗಳಲ್ಲಿ ಬಹುಮಟ್ಟಿಗೆ ಅಳಿದೇಹೋದುವು. ವಿಭಕ್ತಿಯು ಹೊತ್ತಿದ್ದ ಭಾರವನ್ನು ಪದಗಳ ಕ್ರಮವೂ ಉಪಸರ್ಗಗಳೂ ಹೊರಬೇಕಾಯಿತು. ದೀರ್ಘವಾಕ್ಯಗಳಲ್ಲಿ ಉಪವಾಕ್ಯಗಳನ್ನು ಬೆಸೆಯುವ ಕೆಲಸವು ಸಮುಚ್ಚಯಾವ್ಯಯಗಳಿಗೂ ಚಿಹ್ನೆಗಳಿಗೂ ಸೇರಿತು.

ಆ ಅವ್ಯಯಗಳೂ ಆಕಾಶದಿಂದ ಇಳಿದುವಲ್ಲ. ‘ಬಟ್’ ಎಂಬುದು ಮೊದಲು ‘ಹೊರಗೆ’ ಎಂದು ಅರ್ಥಕೊಡುತ್ತಿದ್ದ ಪದ. ‘ವೈಲ್’ ಎಂಬುದು ಕಾಲವಾಚಕವಾದ ನಾಮಪದ. ‘ಬಿಕಾಸ್’ ಎಂಬುದು ‘ಕಾರಣದಿಂದ’ ಎಂಬ ಎರಡು ಪದಗಳ ಕೂಟ. ‘ದಟ್’ ಎಂಬುದರ ವಿಚಾರವು ಒಬ್ಬನ ಸೆರೆವಾಸದೊಡನೆ ಹೆಣೆದುಕೊಂಡಿದೆ. ಅಮೆರಿಕದ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಎಂಬ ಊರುಗಳಲ್ಲಿ 1775ರಲ್ಲಿ ಮಡಿದವರ ಕುಟುಂಬಗಳಿಗಾಗಿ ಹಣ ಕೂಡಿಸಲು ಪ್ರಕಟಣೆ ಕೊಟ್ಟನೆಂದು ಜಾನ್ ಹಾರ್ನ್ ಟುಕ್ ಎಂಬುವನಿಗೆ 1777ರಲ್ಲಿ ಒಂದು ವರ್ಷದ ಸೆರೆಯೂ 200 ಪೌಂಡುಗಳ ದಂಡವೂ ವಿಧಿಸಲ್ಪಟ್ಟುವು. ಎರಡು ಉಪಸರ್ಗಗಳೂ ಒಂದು ಸಮುಚ್ಚಯವೂ ತನ್ನನ್ನು ಬಲಿಗೊಂಡುವೆಂದು ಅವನು ಹೇಳಿಕೊಂಡು, 1778ರಲ್ಲಿ ಪತ್ರರೂಪದ ಪುಸ್ತಿಕೆಯೊಂದನ್ನು ಪ್ರಕಟಿಸಿದನು. ‘ದಟ್’ ಎಂಬುದು ವಸ್ತುತಃ ಸರ್ವನಾಮವೇ, ಅದು ಮತ್ತೊಂದು ಇಡೀ ವಾಕ್ಯವನ್ನು ಬೆರಳಿಟ್ಟು ತೋರಿಸುತ್ತದೆ ಎಂಬುದು ಅವನ ವಾದ. ಅವನು ಹೇಳಿದ ಇತರ ಅನೇಕ ವ್ಯುತ್ಪತ್ತಿಗಳನ್ನು ವಿದ್ವಾಂಸರು ತಳ್ಳಿಹಾಕಿರುವರು. ಆದರೆ ‘ದಟ್’ ಎಂಬುದು ಸರ್ವನಾಮದಿಂದ ಬಂದುದೆಂಬುದು ಇಂದಿಗೂ ನಿಂತಿರುವುದು.

ಇತ್ತ ಶಾಲೆಗಳಲ್ಲಿ ಉಸಿರಿನ ಮತವೇ ಬಹುಕಾಲ ಆಳಿತು. ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತನು 1762ರ ತನ್ನ ವ್ಯಾಕರಣದಲ್ಲಿ, ಅಲ್ಪವಿರಾಮದ ಇಮ್ಮಡಿ ಅರ್ಧವಿರಾಮ, ಅದರ ಇಮ್ಮಡಿ ಕೋಲನ್, ಅದರ ಇಮ್ಮಡಿ ಪೂರ್ಣವಿರಾಮ ಎಂದು ಲೆಕ್ಕ ಕೊಟ್ಟನು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು ಎಂದು ಓದಿದ ನಮ್ಮಂಥವರಿಗೆ ಇದು ಬಹು ಪ್ರಿಯವಾಗಿ ತೋರುವುದು ಸಹಜ. ಆದರೆ ಒಂದು ಉದಾಹರಣೆಯನ್ನು ನೋಡಿರಿ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರ್’ ಎಂದು ಚಿಹ್ನೆಯಿಲ್ಲದೆ ಬರೆದರೆ, ನನಗೆ ಹಲವರು ತಮ್ಮಂದಿರಿದ್ದು ಅವರಲ್ಲಿ ಮೈಸೂರಿನವನು ಎಂದು ಅರ್ಥ. ‘ಬ್ರದರ್’ ಎಂಬುದರ ಮುಂದೆಯೂ ‘ಮೈಸೂರ್’ ಎಂಬುದರ ಮುಂದೆಯೂ ಅಲ್ಪವಿರಾಮವನ್ನಿಟ್ಟರೆ, ಇರುವವನೊಬ್ಬನೇ ತಮ್ಮ, ಅವನು ಮೈಸೂರಿನಲ್ಲಿರುವನು ಎಂದಾಗುವುದು. ಇಲ್ಲಿ ಚಿಹ್ನೆಯು ಕಾಲವನ್ನು ಅಳೆಯುತ್ತಿಲ್ಲ; ತಮ್ಮಂದಿರನ್ನು ಎಣಿಸುತ್ತಿದೆ! ‘ಮೈಸೂರಿನಲ್ಲಿರುವ ನನ್ನ ತಮ್ಮ’ ಎಂಬ ನಮ್ಮ ಕೃದಂತಪ್ರಯೋಗವು ಈ ಭೇದವನ್ನು ತೋರಿಸಲಾರದೆಂಬುದನ್ನು ಒಪ್ಪಿಕೊಳ್ಳಬೇಕು.

ನ್ಯಾಯಸ್ಥಾನದಲ್ಲಿ ಇಂಥ ಭೇದವು ಪ್ರಾಣದ ಪ್ರಶ್ನೆಯಾದುದುಂಟು. ಮಹಾಯುದ್ಧಕಾಲದಲ್ಲಿ ಸರ್ ರೋಜರ್ ಕೇಸ್ಮೆಂಟನು ಜರ್ಮನಿಯಲ್ಲಿದ್ದ ಐರಿಷ್ ಯುದ್ಧಕೈದಿಗಳನ್ನು ತನ್ನ ಪಕ್ಷಕ್ಕೆ ಸೆಳೆಯಲು ಯತ್ನಿಸಿದನೆಂದು ರಾಜದ್ರೋಹದ ಆರೋಪಕ್ಕೆ ಗುರಿಯಾದನು. ನಾರ್ಮನ್ ಫ್ರೆಂಚಿನಲ್ಲಿ ಬರೆದ 1351ರ ಶಾಸನದಲ್ಲಿ, ರಾಜ್ಯದೊಳಗೆ ಅರಸನ ಶತ್ರುಗಳನ್ನು ಸೇರಿ ಅವರಿಗೆ ರಾಜ್ಯದಲ್ಲಿ ‘ಅಥವಾ ಬೇರೆಡೆಯಲ್ಲಿ’ ನೆರವು ನೀಡುವುದು ದ್ರೋಹವೆಂದಿದ್ದಿತು. ‘ಅಥವಾ ಬೇರೆಡೆಯಲ್ಲಿ’ ಎಂಬುದು ನೆರವಿಗೆ ಮಾತ್ರ ಅನ್ವಯಿಸುವುದೆ, ಸೇರುವುದಕ್ಕೂ ಅನ್ವಯಿಸುವುದೆ? ಮೊದಲನೆಯದಾದರೆ ಪರದೇಶದಲ್ಲಿದ್ದ ಆರೋಪಿಗೆ ಬಿಡುಗಡೆ, ಎರಡನೆಯದಾದರೆ ಮರಣ. ನ್ಯಾಯಾಧೀಶರು ಮೂಲಪತ್ರವನ್ನೇ ತೆರೆಸಿ ಪರೀಕ್ಷಿಸಿದರು. ಹಿಂದಿನ ಧರ್ಮಶಾಸ್ತ್ರಜ್ಞರ ವ್ಯಾಖ್ಯಾನಗಳನ್ನೂ ಆಧಾರವಾಗಿ ಹಿಡಿದು ಎರಡನೆಯ ಅನ್ವಯವನ್ನು ಅಂಗೀಕರಿಸಿದರು. 1916ನೆಯ ಆಗಸ್ಟ್ 3ರಂದು ಕೇಸ್ಮೆಂಟನು ಗಲ್ಲಿಗೇರಿದನು. ಅಲ್ಪವಿರಾಮವೊಂದು ಅವನನ್ನು ನೇಣಿಗೇರಿಸಿತೆಂಬ ಮಾತು ಅಂದಿನಿಂದ ಉಳಿಯಿತು.

ಈ ವಿವಾದಗಳು ಹಳೆಯ ಕಾಲಕ್ಕೇ ಮುಗಿದುವೆಂದು ಭಾವಿಸಬಾರದು. ಅಮೆರಿಕದ ಮೇಯ್ನ್ ಸಂಸ್ಥಾನದಲ್ಲಿ ಹೆಚ್ಚು ಹೊತ್ತಿನ ದುಡಿಮೆಗೆ ಅಧಿಕ ಕೂಲಿ ಸಲ್ಲದ ಕೆಲಸಗಳ ಪಟ್ಟಿಯೊಂದು ಕಾನೂನಿನಲ್ಲಿದ್ದಿತು. ಅದರ ಕೊನೆಯಲ್ಲಿ ‘ಅಥವಾ’ ಎಂಬುದರ ಹಿಂದೆ ಅಲ್ಪವಿರಾಮವಿಲ್ಲದ್ದರಿಂದ, ಹಂಚಿಕೆಯು ಬೇರೆಯೇ ಕೆಲಸವೋ ಅಥವಾ ಹಂಚಿಕೆಗಾಗಿ ಕಟ್ಟಿಡುವುದಷ್ಟೇ ಅಲ್ಲಿ ಉದ್ದಿಷ್ಟವೋ ಎಂಬ ಸಂದೇಹ ಹುಟ್ಟಿತು. 2017ರಲ್ಲಿ ನ್ಯಾಯಸ್ಥಾನವು ಹಾಲಿನ ಬಂಡಿಗಳನ್ನು ನಡೆಸುವವರ ಪರವಾಗಿ ತೀರ್ಪಿತ್ತಿತು. ಮರುವರ್ಷ 50 ಲಕ್ಷ ಡಾಲರುಗಳಿಗೆ ರಾಜಿಯಾಯಿತು.

ನಮ್ಮ ತಾಳೆಯೋಲೆಗಳಲ್ಲಿ ಒಂಟಿಗೆರೆ ಜೋಡಿಗೆರೆಗಳೇ ಸಾಕಾಗಿದ್ದುವು. ಉಳಿದ ಚಿಹ್ನೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳೊಡನೆ ಕನ್ನಡಕ್ಕೆ ಬಂದುವು. ‘ಬಂದು, ಉಂಡು, ಮಲಗಿದನು’ ಎಂಬಲ್ಲಿ ಪೂರ್ಣಕ್ರಿಯಾಪದವು ಒಂದೇ ಆದುದರಿಂದ ಅಲ್ಪವಿರಾಮವನ್ನು ತೆಗೆದರೂ ವಾಕ್ಯವು ಕೆಡದು. ಇದೇ ಅಭ್ಯಾಸದಿಂದ ನಮ್ಮ ಬಾಲಕನು ಆಂಗ್ಲದಲ್ಲಿ ಮೂರು ಪೂರ್ಣವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಪೋಣಿಸುವನು. ಅಲ್ಲಿ ಸಮುಚ್ಚಯವಾದರೂ ಬೇಕು, ಅರ್ಧವಿರಾಮವಾದರೂ ಬೇಕು, ಇಲ್ಲವೆ ಪೂರ್ಣವಿರಾಮವನ್ನಾದರೂ ಇಟ್ಟು ಮುಗಿಸಬೇಕು. ಅವನಿಗೆ ‘ಒಂದು ಎಣಿಸು’ ಎಂದರೆ ಈ ತಪ್ಪು ಎಂದಿಗೂ ತಿಳಿಯದು. ‘ಕ್ರಿಯಾಪದಗಳೆಷ್ಟಿವೆ, ಎಣಿಸು’ ಎಂದರೆ ಕೂಡಲೇ ತಿಳಿಯುವುದು. ನನ್ನ ಬಳಿ ಓದಿದ ಮಕ್ಕಳಿಗೆ ನಾನು ಇದನ್ನು ಹೇಳಲಿಲ್ಲ. ಈಗ ಪಾಠ ಹೇಳುತ್ತಿರುವ ತರುಣ ಉಪಾಧ್ಯಾಯರಾದರೂ ಹೇಳಲಿ ಎಂಬುದೇ ಈ ಲೇಖನದ ಉದ್ದೇಶ.