ಕೇಪಿನ ಕೋವಿಯೂ ಅದರ ದಾಯಾದಿ ರಿವಾಲ್ವರೂ

ಐನ್‌ಮನೆಯ ತೋಕ್

ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಹಳೆಯ ಕುಲಮನೆಗಳಲ್ಲಿ, ರಿವಾಲ್ವರಿಗಿಂತ ಕೋವಿಗೇ ಮಾನ ಹೆಚ್ಚು. ಕೊಡವ ತಕ್ಕಿನಲ್ಲಿ ಅದು ತೋಕ್. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಒಡಿಕತ್ತಿ, ಪೀಚೆಕತ್ತಿಗಳ ಪಕ್ಕದಲ್ಲಿಟ್ಟು, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಊರಿಗೆ ಸುದ್ದಿ ಮುಟ್ಟುತ್ತಿದ್ದದ್ದು ಹಾಗೆ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರಲೇಬೇಕು.

ಕೇಪು ಮಾಡಿದ ಕೆಲಸ

ಕೇಪಿನ ಕೋವಿಗೆ ಬಾಯಿಯಿಂದಲೇ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ ಗಜದಿಂದ ಜಡಿಯಬೇಕು. ಹಿಂಬದಿಯ ಮೊಲೆಗೆ ತಾಮ್ರದ ಪುಟ್ಟ ಕೇಪು ತೊಡಿಸಿ ಕುದುರೆ ಎಳೆದರೆ ಈಡು ಸಿದ್ಧ. ಚಕಮಕಿ ಕಲ್ಲಿನ ಕೋವಿ ಮಳೆಯಲ್ಲಿ ಕೈಕೊಡುತ್ತಿತ್ತು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಪಡೆದ ಪೇಟೆಂಟ್, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ತಂದಿತು. ಕೇಪು ಹುಟ್ಟಿದ್ದು ಅದರಿಂದ. ಕೊಡಗಿನಂಥ ಮಳೆನಾಡಿಗೆ ಇದು ಸಣ್ಣ ಸುಧಾರಣೆಯೇನಲ್ಲ.

ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರಿನೊಳಗೂ ಇದೇ ಕೇಪಿನ ತಂತ್ರವಿತ್ತು. ಕುದುರೆ ಎಳೆದಾಗ ಸಿಲಿಂಡರ್ ಒಂದು ಮನೆ ತಿರುಗಿ ನಳಿಗೆಯ ನೇರಕ್ಕೆ ನಿಲ್ಲುತ್ತಿತ್ತು. ಅವನ 1851ರ ನೇವಿ ಮಾದರಿಯಲ್ಲಿ ಆರು ಗುಂಡು, ಹಿಂದೆ ಆರು ಕೇಪು. ಕಿಡಿ ಪಕ್ಕದ ಮನೆಗೆ ಹಾರಿದರೆ ಎರಡು ಮೂರು ಗುಂಡು ಒಟ್ಟಿಗೇ ಸಿಡಿಯುವ ಅಪಾಯ. ಅದಕ್ಕೆಂದು ಬಾಯಿಗೆಲ್ಲ ಕೊಬ್ಬು ಸವರುತ್ತಿದ್ದರು.

ಹೊಸ ಪಡಿಯಚ್ಚುಗಳು

ಇಟಲಿಯ ಗಾರ್ದೊನೆ ವಾಲ್ ತ್ರೊಂಪಿಯಾದಲ್ಲಿ 1959ರಲ್ಲಿ ಶುರುವಾದ ಊಬೆರ್ತಿ ಕಂಪನಿ ಕೋಲ್ಟ್ ಮಾದರಿಗಳನ್ನು ಇಂದಿನ ಉಕ್ಕಿನಲ್ಲಿ ಮರುರೂಪಿಸುತ್ತದೆ. ಉಕ್ಕು ಹೊಸದಾದರೂ ಕೇಪಿನ ಮಾದರಿಗಳಿಗೆ ಕರಿಮದ್ದೇ ಆಗಬೇಕು, ಹೊಗೆರಹಿತ ಮದ್ದು ಸಲ್ಲದು.

ನಮ್ಮಲ್ಲೂ ಒಂದುಂಟು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೊರತಂದ .32 ಬೋರಿನ 'ನಿರ್ಭೀಕ್' ರಿವಾಲ್ವರ್, ಬ್ರಿಟಿಷರ ಕಾಲದ ವೆಬ್ಲಿಯಂತೆಯೇ ನಡು ಮುರಿದು ತೆರೆದುಕೊಳ್ಳುತ್ತದೆ. ಹೆಂಗಸರ ರಕ್ಷಣೆಗೆಂದು ಪ್ರಚಾರ ಮಾಡಿದರು. ಆಗಿನ ಬೆಲೆ ಮಾತ್ರ 1.22 ಲಕ್ಷ ರೂಪಾಯಿ!

ಕಾನೂನಿನ ಕಣ್ಣಲ್ಲಿ

ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸ್ ವಿನಾಯಿತಿಯ ಬೇರು 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಲ್ಲಿದೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ಹಳೆಯದೆಂಬ ಕಾರಣಕ್ಕೆ ಸಿಗುವ ವಿನಾಯಿತಿ ಬೇರೆ. 1959ರ ಆಯುಧ ಕಾಯ್ದೆಯ 45ನೇ ಕಲಂ ಪ್ರಕಾರ, ರಿಪೇರಿ ಮಾಡಿದರೂ ಗುಂಡು ಹಾರದ ಹಳೆಯ ಆಯುಧಕ್ಕಷ್ಟೇ ಅದು ಸಲ್ಲುತ್ತದೆ. ಮೊಲೆ ಬದಲಿಸಿದರೆ ಈಡು ಹಾರುವ ಮುತ್ತಜ್ಜನ ಕೋವಿ ಅದರ ಲೆಕ್ಕಕ್ಕೆ ಬರುವುದಿಲ್ಲ.